ಪಂಪಿನಲ್ಲಿ ಸಿಕ್ಕ ಕರಿಎಳ್ಳು

ರಿಪೇರಿಗೆ ಹೋದ ಮನೆಯಲ್ಲಿ ನೀರು ತುಂಬಿಕೊಂಡು ನಿಂತುಬಿಟ್ಟ ವಾಷಿಂಗ್ ಮಿಷೀನಿನ ಮುಂದೆ ಕುಕ್ಕರಗಾಲಲ್ಲಿ ಕೂತ ಕೂಡಲೇ ನಾನು ಮನೆಯವರನ್ನು ಕೇಳುವುದು ಒಂದೇ ಪ್ರಶ್ನೆ: "ಜೇಬು ನೋಡಿ ಹಾಕಿದ್ರಾ?" ಎಲ್ಲರೂ ಹೂಂ ಅನ್ನುತ್ತಾರೆ. ಎಲ್ಲರೂ ಸುಳ್ಳು ಹೇಳುತ್ತಾರೆ. ಚಿಲ್ಲರೆ ಕಾಸು, ತಲೆಪಿನ್ನು, ಹುರಿಗಡಲೆ, ಮಗುವಿನ ಕಾಲ್ಚೀಲ, ಎಲ್ಲವೂ ನೀರು ಹೊರಹಾಕುವ ಆ ಡ್ರೈನ್ ಪಂಪಿನ ಬಾಯಲ್ಲಿ ಸಿಗುತ್ತವೆ. ಅಂಥ ಸುಳ್ಳಿಗೆಲ್ಲ ನಾನು ಕೋಪ ಮಾಡಿಕೊಳ್ಳುವವನಲ್ಲ, ನಕ್ಕು ಸುಮ್ಮನಾಗುತ್ತೇನೆ. ಆದರೆ ಈ ಸಲದ ಪಿತೃಪಕ್ಷದಲ್ಲಿ ಶ್ರೀರಂಗಪಟ್ಟಣದ ಒಂದು ಮನೆಯಲ್ಲಿ ನನಗೆ ಹೇಳಿದ ಸುಳ್ಳಿದೆಯಲ್ಲ, ಅದಕ್ಕೆ ಮಾತ್ರ ಈಗಲೂ ನಗು ಬರುವುದಿಲ್ಲ.

ಆ ಮನೆ ನನ್ನ ಗೆಣೆಕಾರನದು. ಪಾಂಡವಪುರದ ಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ಮದುವೆಯಾದ ಮೇಲೆ ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಇಳಿಯುವ ದಾರಿಯಲ್ಲಿ ಅಂಗಡಿ ಇಟ್ಟ. ಮುಂದೆ ಅಂಗಡಿ, ಹಿಂದೆ ಮನೆ. ಅಸ್ಥಿ ಬಿಡಲು, ಪಿಂಡ ಇಡಲು ಬರುವವರಿಗೆ ಬೇಕಾದ ಕುಡಿಕೆ, ದರ್ಭೆ, ಕರಿಎಳ್ಳು, ಪಂಚೆ, ಟವೆಲು ಎಲ್ಲ ಅಲ್ಲಿ ಸಿಗುತ್ತದೆ. ಕಾರ್ಯ ಮಾಡುವ ಮಗ ಹೊಸ ಪಂಚೆ ಉಟ್ಟು ನೀರಿಗೆ ಇಳಿಯಬೇಕು, ಮುಗಿದ ಮೇಲೆ ಅದನ್ನು ಹೊಳೆಗೇ ಬಿಟ್ಟು, ಹಿಂತಿರುಗಿ ನೋಡದೆ ಮೇಲೆ ಬರಬೇಕು. ಹೋದ ವರ್ಷ ನಮ್ಮವ್ವ ತೀರಿಕೊಂಡಾಗ ನಾನೂ ಹಾಗೇ ಬಿಟ್ಟು ಬಂದೆ. ಆ ಪಂಚೆ ಕೊಟ್ಟವನು ಅವನೇ. ದುಡ್ಡು ಕೊಡಲು ಹೋದರೆ ನನ್ನ ಕೈ ಹಿಡಿದು, "ನಿಮ್ಮವ್ವ ಬ್ಯಾರೆ, ನಮ್ಮವ್ವ ಬ್ಯಾರೆನೇನ್ಲಾ? ಮಡಗು ಜೋಬಿಗೆ" ಅಂದಿದ್ದ. ಸೊಂಟಮಟ್ಟದ ನೀರಿನಲ್ಲಿ ನನ್ನ ಭುಜ ಹಿಡಿದು ನಿಂತವನೂ ಅವನೇ.

ಅವನ ಮನೆಯ ಮಿಷೀನು ನಾನು ಕೊಟ್ಟದ್ದು. ಅದು ಅವ್ವ ಹೋಗುವುದಕ್ಕೂ ಮುಂಚಿನ ಮಾತು. ಅವನ ಹೆಂಡತಿಗೆ ಮಣಿಕಟ್ಟಿನ ಆಪರೇಷನ್ ಆಗಿ ಬಟ್ಟೆ ಹಿಂಡಲು ಆಗುತ್ತಿರಲಿಲ್ಲ. ಕೆಟ್ಟುಹೋದ ಎರಡು ಮಿಷೀನುಗಳ ಒಳ್ಳೆಯ ಭಾಗ ಸೇರಿಸಿ ಒಂದು ಮಾಡಿ, ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೋಗಿ, ಬಚ್ಚಲ ಪಕ್ಕ ಕೂರಿಸಿ ಬಂದಿದ್ದೆ. ಮುಂದುಗಡೆ ಗಾಜಿನ ದುಂಡು ಬಾಗಿಲಿನದು.

ಮೊದಲ ಫೋನು ಬಂದಾಗ ಪಿತೃಪಕ್ಷ ಆಗತಾನೇ ಶುರುವಾಗಿತ್ತು. "ಲೇ, ನಿನ್ ಮಿಷೀನು ನೀರು ಕುಡ್ಕಂಡು ಕುಂತದೆ ಕಣ್ಲಾ. ಬಾಗ್ಲೂ ಬುಡ್ತಿಲ್ಲ" ಅಂದ. ಕಿರಂಗೂರಿನಲ್ಲಿ ಒಂದು ಕೆಲಸವಿತ್ತು, ಅದನ್ನು ಮುಗಿಸಿಕೊಂಡು ಹೋದೆ.

ಪ್ಲಗ್ ಕಿತ್ತೆ. ಈ ಮಿಷೀನುಗಳ ಕೆಳಮೂಲೆಯಲ್ಲಿ ಅಂಗೈಯಗಲದ ಒಂದು ಮುಚ್ಚಳವಿರುತ್ತದೆ. ಅದರೊಳಗೆ ಬೆರಳು ದಪ್ಪದ ರಬ್ಬರ್ ಕೊಳವೆ, ಪಕ್ಕದಲ್ಲಿ ತಿರುಗಿಸಿ ಬಿಚ್ಚುವ ಫಿಲ್ಟರು. ಮೊದಲು ಕೊಳವೆಯ ಬಿರಡೆ ತೆಗೆದು ನೀರನ್ನು ತಟ್ಟೆ ತಟ್ಟೆಯಾಗಿ ಬಸಿಯಬೇಕು. ಅವಸರಪಟ್ಟು ಫಿಲ್ಟರಿಗೇ ಕೈ ಹಾಕಿದರೆ ಡ್ರಮ್ಮಿನ ನೀರೆಲ್ಲ ಮನೆ ತುಂಬ ಹರಿಯುತ್ತದೆ, ಮನೆಯವರ ಬೈಗುಳ ಬೇರೆ. ನಿಧಾನವಾಗಿ ಬಸಿದೆ. ಫಿಲ್ಟರು ಬಿಚ್ಚಿದರೆ ಒಳಗೆ ಮರಳು, ನುಣ್ಣನೆಯ ಹೊಳೆ ಮರಳು. ಅದರ ಹಿಂದಿರುವ ಪಂಪಿನ ರೆಕ್ಕೆಗೆ ಬಿಳೀ ನೂಲು ಬಿಗಿಯಾಗಿ ಸುತ್ತಿಕೊಂಡಿತ್ತು. ಚಿಮಟದಲ್ಲಿ ಎಳೆಎಳೆಯಾಗಿ ಬಿಡಿಸಿ, ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದೆ. ಒಳಗೆ ಅಯಸ್ಕಾಂತ ಇರುವುದರಿಂದ ಅದು ಗಿರ್ರನೆ ಸುತ್ತಬಾರದು, ತಡೆದು ತಡೆದು ತಿರುಗಬೇಕು. ಹಾಗೇ ತಿರುಗಿತು.

"ಇಷ್ಟೊಂದು ಮಳ್ಳು ಎಲ್ಲಿಂದ ಬತ್ತದ್ಲಾ?" ಅಂದೆ.

"ಐಕ್ಳು ದಿನಾ ಒಳೇಲಿ ಬಿದ್ದು ಒದ್ದಾಡ್ತವೆ. ಆ ಚಡ್ಡೀನೆಲ್ಲ ಒದರ್ದೆ ಅಂಗೇ ತುರುಕ್ತಾಳೆ ಇವ್ಳು."

ಅಷ್ಟರಲ್ಲಿ ಅವನ ಹೆಂಡತಿ ಅಡುಗೆಮನೆಯಿಂದ ಕಾಫಿ ತಂದುಕೊಟ್ಟಳು. ನಾನು ಕಾಫಿ ಕುಡಿದು ಎದ್ದು ಬಂದೆ.

ವಾರ ಕಳೆಯುವುದರೊಳಗೆ ಮತ್ತೆ ಫೋನು. ಈ ಸಲ ಪಂಪು ಗುಂಯ್ ಅನ್ನುತ್ತಿತ್ತು, ನೀರು ಮಾತ್ರ ಎತ್ತುತ್ತಿರಲಿಲ್ಲ. ಮರಳು ತಿಂದು ತಿಂದು ರೆಕ್ಕೆಯ ಅಂಚು ಮುಕ್ಕಾಗಿತ್ತು. ಮೈಸೂರಿನಿಂದ ಹೊಸ ಪಂಪು ತರಿಸಿ, ಮಿಷೀನನ್ನು ಮಗ್ಗುಲಿಗೆ ಮಲಗಿಸಿ, ಹಳೆಯದನ್ನು ಬಿಚ್ಚಿದೆ. ಡ್ರಮ್ಮಿನಿಂದ ಪಂಪಿಗೆ ಬರುವ ಸುಕ್ಕುಸುಕ್ಕಿನ ರಬ್ಬರ್ ಪೈಪನ್ನು ಹಿಂಡಿದರೆ ಒಳಗಿನಿಂದ ಕಪ್ಪಗೆ ಏನೋ ಉದುರಿತು. ಅಂಗೈಗೆ ಹಾಕಿಕೊಂಡು ನೋಡಿದೆ. ಕರಿಎಳ್ಳು, ನೆಂದು ಊದಿಕೊಂಡಿತ್ತು. ಜೊತೆಗೆ ಒಂದು ತುಂಡು ದರ್ಭೆ.

"ಇದೇನ್ಲಾ, ಮಿಷೀನಿಗೂ ತರ್ಪಣ ಬುಟ್ಟಿದ್ದೀಯಾ?" ಅಂತ ನಗಾಡಿದೆ.

ಅವನೂ ನಕ್ಕ. "ದಿನಾ ಅದ್ರಲ್ಲೇ ಕೈ ಆಡ್ಸೋನು ನಾನು. ಜೋಬು, ಮಡ್ಲು ಎಲ್ಲ ಅದೇಯಾ."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದ. ನಾನು ನಂಬಿದೆ. ಯಾಕೆ ನಂಬಬಾರದು? ನನಗೆ ಚಿಂತೆ ಇದ್ದದ್ದು ನನ್ನ ಕೆಲಸದ ಮೇಲೆ. ಹೊಸ ಪಂಪು ಕೂರಿಸಿ, ಕ್ಲಿಪ್ಪು ಬಿಗಿದು, ನೀರು ಹೊರಹೋಗುವ ಪೈಪು ಜಾಸ್ತಿ ಎತ್ತರದಲ್ಲಿದೆಯೇನೋ ಅಂತ ಅದನ್ನೂ ಇಳಿಸಿ ಕಟ್ಟಿದೆ. ಬಚ್ಚಲ ಜಾಲರಿಯನ್ನು ಬಿಚ್ಚಿ ತೊಳೆದೆ. ಖಾಲಿ ಮಿಷೀನನ್ನು ಓಡಿಸಿದರೆ ನೀರು ಭರ್ರೆಂದು ಹೋಯಿತು. ಪಂಪಿನ ದುಡ್ಡು ಬೇಡ ಅಂದೆ. ಅವ್ವನ ಕಾರ್ಯದ ಪಂಚೆಗೆ ಅವನು ದುಡ್ಡು ಮುಟ್ಟಿರಲಿಲ್ಲ, ನಾನು ಹೇಗೆ ಕೇಳಲಿ?

ಹೊರಡುವಾಗ, "ಅವ್ವನ ವರ್ಷದ ತಿಥಿ ಬಂತಲ್ಲಾ. ಪಂಚೆ ನಾನೇ ತತ್ತೀನಿ, ನೀನು ಎಲ್ಲೂ ಓಗ್ಬ್ಯಾಡ" ಅಂದ.

ಈ ತಿಥಿ ನಮ್ಮಕ್ಕನಿಗೆ ಜೀವ. ಅಕ್ಕ ಕೆ.ಆರ್. ಪೇಟೆಗೆ ಕೊಟ್ಟ ಹೆಣ್ಣು. ಅವ್ವ ಕಾಯಿಲೆ ಬಿದ್ದಾಗ ಅಕ್ಕನಿಗೆ ಬಾಣಂತಿ ಮಗಳನ್ನು ಬಿಟ್ಟು ಬರಲು ಆಗಲಿಲ್ಲ. ಅವ್ವ ಅಷ್ಟರಲ್ಲೇ ಹೋಗಿಬಿಟ್ಟಳು. ಅವತ್ತಿನಿಂದ ಅಕ್ಕನ ಬಾಯಲ್ಲಿ ಒಂದೇ ಮಾತು: "ಕೊನೇಗಾಲ್ದಲ್ಲಿ ಅವ್ವಂಗೆ ಒಂದು ತೊಟ್ಟು ನೀರು ಬುಡ್ನಿಲ್ಲ ನಾನು. ಕಳ್ಸಿಕೊಡೋದ್ನಾದ್ರೂ ಸುದ್ದವಾಗಿ ಕಳ್ಸಿದ್ಯಲ್ಲಪ್ಪಾ, ಅದೇ ಸಾಕು ನಂಗೆ." ಅದನ್ನು ಹೇಳಿಕೊಂಡೇ ಅವಳು ರಾತ್ರಿ ನಿದ್ದೆ ಮಾಡುತ್ತಿದ್ದಳು.

ಅದೇ ವಾರ ಅಕ್ಕನ ಬೀದಿಯ ಒಬ್ಬರು ಫೋನು ಮಾಡಿದರು. ಅವರ ಮಿಷೀನಿಗೂ ಹೊಸ ಪಂಪು ಹಾಕುವುದಿತ್ತು. "ನೀನು ಬರೋದು ಬ್ಯಾಡ ಕಣಪ್ಪ. ಹಳೇ ಪಂಪ್ನ ಒರೆಸಿ ಹೊಸ್ದು ಅಂತ ಹಾಕ್ತೀಯಂತೆ?" ಅಂದರು. ಯಾರು ಹೇಳಿದ್ದು ಅಂತ ಕೇಳಿದೆ. ಪಿಂಡ ಇಡಲು ಶ್ರೀರಂಗಪಟ್ಟಣಕ್ಕೆ ಹೋಗಿದ್ದರಂತೆ. ಅಂಗಡಿಯಲ್ಲಿ ನನ್ನ ಗೆಣೆಕಾರ, ಮಿಷೀನು ಮತ್ತೆ ನಿಂತಿದೆ ಅಂತ ಬೈಯುತ್ತಾ ಹೇಳಿದನಂತೆ.

ನನಗೆ ಪಿತ್ತ ನೆತ್ತಿಗೇರಿತು. ಆದರೂ ಅವನ ಮೇಲಲ್ಲ, ಆ ಮಿಷೀನಿನ ಮೇಲೆ. ಏನೋ ಸಿಟ್ಟಿನಲ್ಲಿ ಅಂದಿರುತ್ತಾನೆ, ನನ್ನ ಕೆಲಸದಲ್ಲೇ ಎಲ್ಲೋ ಎಡವಟ್ಟಾಗಿದೆ, ಬೇರು ಹುಡುಕಿಯೇ ಬರಬೇಕು ಅಂದುಕೊಂಡೆ. ಇಷ್ಟು ಹೊತ್ತಿಗೆ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು. ಅವನ ಹೆಂಡತಿಯೇ ಫೋನು ಮಾಡಿ, "ಅಣ್ಣ, ಬಟ್ಟೆ ಒಳಗೇ ಸಿಕ್ಕಾಕ್ಕಂಡವೆ, ಜಲ್ದಿ ಬನ್ನಿ" ಅಂದಳು.

ನಾನು ಹೋದಾಗ ಅವನು ಅಂಗಡಿಯಲ್ಲಿ ಇರಲಿಲ್ಲ, ಹೊಳೆ ಕಡೆ ಹೋಗಿದ್ದ. ಅಂಗಡಿ ಮುಂದಿನ ಬೆಂಚಿನ ಮೇಲೆ ಒಬ್ಬ ಮನುಷ್ಯ ಕೂತಿದ್ದ. ತೊಡೆಯ ಮೇಲೆ ಬಟ್ಟೆ ಕಟ್ಟಿದ ಕುಡಿಕೆ. ತಲೆ ಬೋಳಿಸಿದ್ದು ಹೊಸದು. ನಾಗಮಂಗಲದಿಂದ ಮೊದಲ ಬಸ್ಸಿಗೆ ಬಂದೆ, ಅಪ್ಪನ ಬೂದಿ ಬಿಡಬೇಕು, ಅಂಗಡಿಯವರು ಬರಲಿ ಅಂತ ಕಾಯ್ತಾ ಇದೀನಿ ಅಂದ. ನಾನು ಒಳಗೆ ಹೋದೆ.

ಕೊಳವೆಯಿಂದ ನೀರು ಬಸಿಯುವಾಗಲೇ ವಾಸನೆ ಬೇರೆಯಿತ್ತು. ಸೋಪಿನ ವಾಸನೆಯ ಕೆಳಗೆ ಹೊಳೆ ಪಾಚಿಯ ವಾಸನೆ. ಫಿಲ್ಟರು ಬಿಚ್ಚಿದೆ. ಎಳ್ಳು, ಅನ್ನದ ಅಗುಳು, ಚೆಂಡುಹೂವಿನ ಎಸಳು, ದರ್ಭೆ, ಮರಳು, ಎಲ್ಲ ಸೇರಿ ಮುದ್ದೆಯಾಗಿ ರೆಕ್ಕೆಯನ್ನು ಕಚ್ಚಿ ಹಿಡಿದಿತ್ತು. ಜೇಬಿನಲ್ಲಿ ಎಳ್ಳು ಇರಬಹುದು, ಸರಿ. ಅನ್ನದ ಅಗುಳು ಯಾವ ಜೇಬಿನಲ್ಲಿ ಇರುತ್ತದೆ?

ಫಿಲ್ಟರಿನ ಪಕ್ಕದಲ್ಲಿ ಬಾಗಿಲ ಬೀಗ ಬಿಡಿಸುವ ಒಂದು ಪಟ್ಟಿಯಿರುತ್ತದೆ. ಅದನ್ನು ಎಳೆದೆ, ಗಾಜಿನ ಬಾಗಿಲು ಟಕ್ ಅಂತ ಬಿಟ್ಟುಕೊಂಡಿತು. ಒಳಗೆ ಮಕ್ಕಳ ಚಡ್ಡಿ ಒಂದೂ ಇರಲಿಲ್ಲ. ಬರೀ ಪಂಚೆ. ಉಸಿರಾಡಲು ಜಾಗವಿಲ್ಲದ ಹಾಗೆ ತುರುಕಿದ್ದರು. ಒಂದನ್ನು ಎಳೆದೆ, ಅಲ್ಲಲ್ಲಿ ಅರಿಶಿನದ ಕಲೆ. ಅದರ ಸೆರಗಿನ ಮೂಲೆಯಲ್ಲಿ ಗಂಟು ಹಾಕಿತ್ತು. ಬಿಚ್ಚಿದರೆ ಅಕ್ಕಿ ಮತ್ತು ಎಳ್ಳು. ಯಾರೋ ಒಬ್ಬ ಮಗ, ಕಾರ್ಯಕ್ಕೆ ಕೂತವನು, ಕೈಗೆ ಸಿಗಲಿ ಅಂತ ಕಟ್ಟಿಕೊಂಡದ್ದು. ಬಿಚ್ಚುವುದನ್ನು ಮರೆತು ಪಂಚೆಯನ್ನು ಹೊಳೆಗೆ ಬಿಟ್ಟಿದ್ದ.

"ಇವು ಯಾರ ಪಂಚೆ ತಂಗ್ಯವ್ವ?" ಅಂತ ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಯಾಕಣ್ಣ ಇಂಗ್ ಕೇಳ್ತೀರಿ? ಒಳೇಲಿ ಬುಟ್ಟೋಯ್ತಾರಲ್ಲ, ಅವೇಯಾ. ನಿಮ್ಗೆ ಗೊತ್ತಿಲ್ವಾ? ಇದ್ಕೇ ಅಂತ್ಲೇ ನೀವು ಮಿಷೀನ್ ಕೊಟ್ರಿ ಅಂದ್ರು ನಮ್ಮನೇರು."

"ಇದ್ಕೇ ಅಂತ್ಲಾ?"

"ಊಂ ಕಣಣ್ಣ. ಮೊದ್ಲೆಲ್ಲ ದಡದಾಗೇ ಜಾಲ್ಸಿ ತರೋರು. ಈ ವರ್ಷ ಅಲ್ಲಿ ಕಾವ್ಲು ಮಡಗವ್ರೆ, ಬಟ್ಟೆ ಮುಟ್ಟಕ್ಕೆ ಬುಡಲ್ಲ. ಅದ್ಕೆ ಬೆಳಕರಿಯೋ ಮುಂಚೆ ಮೂಟೆ ಕಟ್ಕಂಡು ಬಂದು ಅಂಗೇ ಆಕ್ತರೆ. ಮಳ್ಳು ಕಟ್ಕತದೆ ಅಂತ ನಾನೂ ಬಡ್ಕಂಡೆ."

ಎದ್ದು ಹಿತ್ತಿಲ ಬಾಗಿಲು ತಳ್ಳಿದೆ. ತಂತಿಯ ಮೇಲೆ ಸಾಲಾಗಿ ಪಂಚೆ ಒಣಗುತ್ತಿದ್ದವು. ಜಗಲಿಯ ಮೇಲೆ ಇಸ್ತ್ರಿ ಪೆಟ್ಟಿಗೆ, ಮಡಿಸಿಟ್ಟ ಪಂಚೆಗಳ ಅಟ್ಟಿ, ಅವಕ್ಕೆ ಸುತ್ತುವ ಬಣ್ಣದ ಕಾಗದದ ಪಟ್ಟಿ, ಪ್ಲಾಸ್ಟಿಕ್ ಕವರು. ಪಕ್ಕದಲ್ಲಿ ಬಟ್ಟೆಗೆ ಹಾಕುವ ಸುವಾಸನೆಯ ನೀರಿನ ದೊಡ್ಡ ಕ್ಯಾನು. ಮೇಲಿನ ಪಂಚೆ ಎತ್ತಿ ಮೂಗಿಗೆ ಹಿಡಿದೆ. ಮಲ್ಲಿಗೆ.

ಹೊಸ ಮಿಲ್ಲಿನ ಪಂಚೆ ಹೇಗಿರುತ್ತದೆ ಅಂತ ಯಾರಿಗೆ ಗೊತ್ತಿಲ್ಲ? ಗಂಜಿ ಹಾಕಿ ಗರಿಗರಿ ಇರುತ್ತದೆ, ಸೊಂಟಕ್ಕೆ ಚುಚ್ಚುತ್ತದೆ, ಗಂಜಿ ವಾಸನೆ ಹೊಡೆಯುತ್ತದೆ. ಅವತ್ತು ನಾನು ಅವ್ವನ ಕುಡಿಕೆ ಹಿಡಿದು ನೀರಿಗಿಳಿದಾಗ ಉಟ್ಟಿದ್ದ ಪಂಚೆ ಮೆತ್ತಗಿತ್ತು, ಘಮ್ಮೆನ್ನುತ್ತಿತ್ತು. ನನ್ನ ಗೆಣೆಕಾರ ಅಂಗಡಿಯಲ್ಲಿರುವುದರಲ್ಲೇ ಒಳ್ಳೆಯದನ್ನು ಆರಿಸಿ ಕೊಟ್ಟಿದ್ದಾನೆ ಅಂದುಕೊಂಡಿದ್ದೆ. ಅವ್ವನ ಬೂದಿಯನ್ನು ಕೈಯಲ್ಲಿಟ್ಟುಕೊಂಡು ಅವನಿಗೆ ಒಳ್ಳೆಯದಾಗಲಿ ಅಂತ ಹರಸಿದ್ದೆ. ಥೂ! ಯಾರದೋ ಸಾವಿನ ಬಟ್ಟೆ ಉಟ್ಟುಕೊಂಡು ನನ್ನ ತಾಯಿಯನ್ನು ಕಳಿಸಿಕೊಟ್ಟಿದ್ದೆ ನಾನು. ಆಮೇಲೆ ನಾನು ಬಿಟ್ಟು ಬಂದ ಆ ಪಂಚೆಯನ್ನು ಎತ್ತಿ ತಂದು, ನಾನೇ ಕೂಡಿಸಿದ ಮಿಷೀನಿನಲ್ಲಿ ಒಗೆದು, ಇನ್ಯಾವ ತಾಯಿಯ ಮಗನಿಗೆ ಉಡಿಸಿದನೋ! ಅಲ್ಲೇ ಜಗಲಿಯ ಮೇಲೆ ಕೂತೆ.

ಅವನು ಬಂದ. ಭುಜದ ಮೇಲೆ ಒದ್ದೆ ಟವೆಲು. ನನ್ನನ್ನು ಹಿತ್ತಿಲಲ್ಲಿ ಕಂಡ ಕೂಡಲೇ ಮುಖ ಇಳಿಯಿತು. ಆದರೆ ಒಂದೇ ಗಳಿಗೆ.

"ಸರಿ ಆಯ್ತೇನ್ಲಾ ಮಿಷೀನು?"

"ಇದೇನ್ಲಾ ಇದು?"

"ಒಳೇಲಿ ಕೊಳ್ಯೋ ಬಟ್ಟೆ ಕಣ್ಲಾ. ಬಿಸಿನೀರಲ್ಲಿ ಒಗ್ದು, ಇಸ್ತ್ರಿ ಮಾಡಿ ಕೊಡ್ತೀನಿ. ಯಾರ್ಗೇನು ಮೋಸ ಆಯ್ತು? ಸತ್ತೋರು ಎದ್ದು ಬಂದು ಕೇಳ್ತಾರಾ?"

"ಸತ್ತೋರು ಕೇಳಲ್ಲ ಕಣ್ಲಾ, ನಾನು ಕೇಳ್ತಾ ಇವ್ನಿ. ನಮ್ಮವ್ವನ ಬೂದಿ ಬುಟ್ಟಾಗ ನಂಗೆ ಉಡ್ಸಿದ್ದು ಯಾರ ಪಂಚೆಲಾ?"

ಅವನು ತಂತಿಯ ಕಡೆ ತಿರುಗಿ ಒಂದು ಪಂಚೆಯ ಸುಕ್ಕು ಎಳೆದು ಸರಿಮಾಡಿದ. ಆಮೇಲೆ ಅಂದ: "ನಿನ್ತವ ನಾನು ಕಾಸು ಈಸ್ಕಂಡ್ನೇನ್ಲಾ?"

ನಿಜ. ಈಸಿಕೊಂಡಿರಲಿಲ್ಲ. ಅವ್ವ ಬೇರೆಯಲ್ಲ ಅಂತ ಅಲ್ಲ, ಅದು ಕಾಸು ಕೊಡುವಂಥ ಪಂಚೆಯೇ ಅಲ್ಲ ಅಂತ. ಅಷ್ಟು ದಿನ ಊರೆಲ್ಲ ಹೇಳಿಕೊಂಡು ತಿರುಗಿದ್ದೆ, ಇಂಥ ಗೆಣೆಕಾರ ಯಾರಿಗುಂಟು ಅಂತ.

"ಬಾಯಿ ಮಾಡ್ಬ್ಯಾಡ, ಗಿರಾಕಿ ಕುಂತವ್ರೆ" ಅಂದು ಅವನು ಅಟ್ಟಿಯಿಂದ ಒಂದು ಕವರು ಎತ್ತಿಕೊಂಡು ಅಂಗಡಿಗೆ ನಡೆದ. ಗಿರಾಕಿ ಅಂದರೆ ಅದೇ ನಾಗಮಂಗಲದವನು. ಅವನ ಬೋಳು ತಲೆ, ತೊಡೆಯ ಮೇಲಿನ ಕುಡಿಕೆ ಕಣ್ಣ ಮುಂದೆ ಬಂತು. ನನಗೆ ಆದದ್ದು ಆಗಿಹೋಯಿತು, ಇವನಿಗೆ ಆಗಬಾರದು ಅನ್ನಿಸಿತು. ಫಿಲ್ಟರು, ಚಿಮಟ ಎಲ್ಲ ಅಲ್ಲೇ ಬಿಟ್ಟು, ಗಂಟು ಬಿಚ್ಚಿದ ಒದ್ದೆ ಪಂಚೆಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದೆ.

"ಅಣ್ಣ, ಅದು ಹೊಸ ಪಂಚೆ ಅಲ್ಲ. ಹೊಳೇಲಿ ಬಿಟ್ಟಿದ್ದನ್ನ ಎತ್ತಿ ಒಗ್ದಿರೋದು. ನೋಡಿ, ಎಳ್ಳು ಇನ್ನೂ ಅಂಟ್ಕೊಂಡಿದೆ."

ಆ ಮನುಷ್ಯ ಕವರನ್ನು ಕೈಯಲ್ಲಿ ಹಿಡಿದು ನಮ್ಮಿಬ್ಬರನ್ನೂ ನೋಡಿದ. ನನ್ನ ಗೆಣೆಕಾರ ಒಂದಿಷ್ಟೂ ಗಾಬರಿಯಾಗಲಿಲ್ಲ. "ಇವ್ನು ನಮ್ಮ ಮಿಷೀನು ರಿಪೇರಿಯವ್ನು ಸಾಮಿ. ಹಳೇ ಪಂಪು ಹಾಕ್ಬುಟ್ಟು ಸಿಕ್ಕಾಕ್ಕಂಡವ್ನೆ. ಕೇಳಿದ್ದಕ್ಕೆ ಕ್ವಾಪ. ಅದು ನಮ್ಮನೇಲಿ ಒಗೆಯೋಕೆ ಆಕಿದ್ದ ನಮ್ದೇ ಪಂಚೆ" ಅಂದ.

ನಾನು ಹೆಂಡತಿಯ ಕಡೆ ತಿರುಗಿದೆ. ಅವಳೂ ಬಾಗಿಲಿಗೆ ಬಂದಿದ್ದಳು. "ನೀನು ಯೋಳು ತಂಗ್ಯವ್ವ. ಆಗ ಒಳಗೆ ಯೋಳಿದ್ದನ್ನೇ ಯೋಳು."

ಅವಳು ಗಂಡನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಆಪರೇಷನ್ ಆದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, "ಹೊಸ್ದೇ ಕಣಣ್ಣ" ಅಂತ ಆ ನಾಗಮಂಗಲದವನಿಗೆ ಹೇಳಿ ಒಳಗೆ ಹೋದಳು.

ನಾಗಮಂಗಲದವನು ನಿಟ್ಟುಸಿರುಬಿಟ್ಟ. "ಅಪ್ಪನ್ನ ತೊಡೆ ಮ್ಯಾಲೆ ಮಡಿಕ್ಕಂಡು ಕುಂತಿವ್ನಿ ನಾನು. ನನ್ನ ಮುಂದೆ ನಿಮ್ ಜಗ್ಳ ಬ್ಯಾಡಿ ಕಣ್ರಪ್ಪ" ಅಂದು ದುಡ್ಡು ಕೊಟ್ಟು, ಕವರು ಕಂಕುಳಲ್ಲಿ ಇಟ್ಟುಕೊಂಡು, ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊಳೆ ಕಡೆ ಹೊರಟ. ಹಿಂದೆ ಓಡಿಹೋಗಿ ಕಿತ್ತುಕೊಳ್ಳಬೇಕು ಅನ್ನಿಸಿತು. ಓಡಲಿಲ್ಲ. ನನ್ನ ಮಾತನ್ನು ಯಾರು ಕೇಳುತ್ತಾರೆ? ನನ್ನ ಹೆಸರನ್ನು ನನ್ನ ಗೆಣೆಕಾರ ಮೊದಲೇ ಹರಾಜು ಹಾಕಿದ್ದ. ಮಿಷೀನು ಯಾಕೆ ಕೆಡುತ್ತಿದೆ ಅಂತ ಗೊತ್ತಿದ್ದೂ ನನ್ನ ಪಂಪನ್ನು ದೂರಿದ್ದ.

"ಈಗ್ಲಾದ್ರೂ ಮಿಷೀನ್ ಓಡ್ಸಿ ಓಗ್ಲಾ. ನಾಳಿದ್ದು ಅಮಾಸೆ, ಜನ ಬತ್ತರೆ" ಅಂದ. ಆ ಬಾಯಿಗೆ ಏನು ಹೇಳೋಣ!

ಒಳಗೆ ಹೋದೆ. ಪಂಪಿನ ಬಾಯನ್ನು ಪೂರ್ತಿ ಬಿಡಿಸಿದೆ. ಯಾಕೆ ಅಂತ ಕೇಳಿದರೆ ನನಗೂ ಗೊತ್ತಿಲ್ಲ, ಬಿಚ್ಚಿದ್ದನ್ನು ಹಾಗೇ ಬಿಟ್ಟು ಏಳುವುದು ಕೈಗೆ ಬರುವುದಿಲ್ಲ. ಎಳ್ಳು, ಅಗುಳು, ದರ್ಭೆಯನ್ನೆಲ್ಲ ಒಂದು ಕಾಗದದಲ್ಲಿ ಕಟ್ಟಿಕೊಂಡೆ. ಫಿಲ್ಟರು ತೊಳೆದು ತಿರುಗಿಸಿ ಬಿಗಿದೆ. ಆಮೇಲೆ ಕಟಿಂಗ್ ಪ್ಲೇಯರ್ ತೆಗೆದು ಮಿಷೀನಿನ ವೈರನ್ನು ಬುಡದಲ್ಲೇ ಕತ್ತರಿಸಿದೆ. ಇನ್ಯಾರಾದರೂ ಬಂದು ಅರೆಗಳಿಗೆಯಲ್ಲಿ ಹೊಸ ವೈರು ಹಾಕಿಕೊಡುತ್ತಾರೆ, ಅದೂ ಗೊತ್ತಿತ್ತು. ಆದರೂ ಕತ್ತರಿಸಿದೆ. ಅವನು "ಏಯ್" ಅಂದ. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು, ಹೊಳೆಯಲ್ಲಿ ಆ ಕಾಗದದ ಪೊಟ್ಟಣ ಬಿಟ್ಟು, ಪಾಂಡವಪುರಕ್ಕೆ ಬಂದೆ.

ಅವ್ವನ ತಿಥಿಗೆ ಬೇರೆ ಅಂಗಡಿಯಲ್ಲಿ ಪಂಚೆ ತಂದೆ. ಮೂಗಿಗೆ ಹಿಡಿದು ಗಂಜಿ ವಾಸನೆ ನೋಡಿಯೇ ತಂದೆ. ಹಿಂದಿನ ದಿನ ಬಂದ ಅಕ್ಕ ಕವರಿನ ಮೇಲಿನ ಅಂಗಡಿ ಹೆಸರು ನೋಡಿ ಮುಖ ಗಂಟುಹಾಕಿದಳು.

"ನಿನ್ ಗೆಣೆಕಾರನ ತವ ತರ್ನಿಲ್ವಾ?"

"ಇಲ್ಲ ಕಣಕ್ಕ."

"ಅವ್ನು ಫೋನ್ ಮಾಡಿದ್ದ. ಮಿಷೀನ್ ವೈರ್ ಕುಯ್ದು ಬಂದ್ಯಂತೆ. ಯಾವುದೋ ಪಂಪಿನ ಜಗ್ಳಕ್ಕೆ ಅವ್ನ್ನ ಬುಟ್ಬುಟ್ಯಾ? ಅವ್ವನ್ನ ಬುಡೋ ದಿನ ನಿನ್ ಪಕ್ಕ ನೀರಲ್ಲಿ ನಿಂತೋನು ಅವ್ನು. ಪಂಚೆಗೆ ಒಂದು ಕಾಸು ಮುಟ್ನಿಲ್ಲ. ನಿಯತ್ತಿಲ್ಲ ಕಣ್ಲಾ ನಿಂಗೆ!"

ಬಾಯಿ ತನಕ ಬಂತು. ಹೇಳಿಬಿಡಬಹುದಿತ್ತು. ಹೇಳಿದ್ದರೆ ಅಕ್ಕ ನನ್ನನ್ನು ನಂಬುತ್ತಿದ್ದಳು. ನಂಬಿದ ದಿನದಿಂದ ಅವಳಿಗೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. "ತಪ್ಪಾಯ್ತು ಕಣಕ್ಕ" ಅಂದೆ.

"ನಾಳೆ ಊಟಕ್ಕೆ ಬಾ ಅಂತ ನಾನೇ ಕರ್ದಿವ್ನಿ" ಅಂದಳು.

ಬಂದ. ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಂದ. ಅವ್ವನ ಫೋಟೋಗೆ ಅಡ್ಡಬಿದ್ದು ಪಂಕ್ತಿಯಲ್ಲಿ ಕೂತ. ತಿಥಿ ದಿನ ಮನೆಗೆ ಬಂದವರನ್ನು ಏಳಿಸಬಾರದು, ಕೆಟ್ಟ ಮಾತು ಆಡಬಾರದು. ಬಡಿಸಬೇಕಾದವನೂ ಮಗನೇ. ಪಾಯಸದ ಪಾತ್ರೆ ಹಿಡಿದು ಅವನ ಎಲೆಯ ಮುಂದೆ ಬಂದೆ.

"ಅಕ್ಕಂಗೆ ಏನೂ ಯೋಳಿಲ್ಲ ತಾನೆ?" ಅಂತ ಮೆಲ್ಲಗೆ ಕೇಳಿದ.

ನಾನು ಪಾಯಸ ಬಡಿಸಿದೆ.

ಅವನು ಹೊಟ್ಟೆ ತುಂಬ ಉಂಡ, ವಡೆ ಕೇಳಿ ಹಾಕಿಸಿಕೊಂಡ. ಕೈ ತೊಳೆದು ಬಂದು, ಎಲ್ಲರಿಗೂ ಕೇಳುವ ಹಾಗೆ ಅಕ್ಕನಿಗೆ ಅಂದ: "ನಿಮ್ಮವ್ವ ಪುಣ್ಯವಂತೆ ಕಣಕ್ಕ. ನಾನು ಒಳೆ ದಡದಾಗೆ ದಿನಾ ನೋಡ್ತೀನಿ, ಅಷ್ಟು ಸುದ್ದವಾಗಿ ಯಾರ್ನೂ ಕಳ್ಸಿಕೊಟ್ಟಿಲ್ಲ."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ವರ್ಷದಿಂದ ನಾನು ಅವಳ ಮುಖದಲ್ಲಿ ಕಾಣದ ನೆಮ್ಮದಿ ಅಲ್ಲಿತ್ತು. "ಎಲೆ ಎತ್ತಪ್ಪ, ಒಣಗಬಾರ್ದು" ಅಂದಳು ನನಗೆ. ನಮ್ಮಲ್ಲಿ ತಿಥಿ ಉಂಡವರ ಎಲೆಯನ್ನು ಮಗನೇ ಎತ್ತಬೇಕು. ನಾನು ಬಗ್ಗಿ ಅವನ ಎಂಜಲೆಲೆಯನ್ನು ಎತ್ತಿದೆ.